ಕೈರೋ ಸಮ್ಮೇಳನದ 8.25ನೇ ಕಂಡಿಕೆ: ವ್ಯಾಟಿಕನ್ ಮತ್ತು ಮುಸ್ಲಿಂ ದೇಶಗಳು ಎಲ್ಲಿ ಕೂಡಿದವು, ಎಲ್ಲಿ ಬೇರ್ಪಟ್ಟವು

ವಿಶ್ವಸಂಸ್ಥೆಯ ಜನಸಂಖ್ಯೆ ಮತ್ತು ಅಭಿವೃದ್ಧಿ ಸಮ್ಮೇಳನ 1994ರ ಸೆಪ್ಟೆಂಬರ್ 5ರಿಂದ 13ರವರೆಗೆ ಈಜಿಪ್ಟಿನ ರಾಜಧಾನಿ ಕೈರೋದಲ್ಲಿ ನಡೆಯಿತು. 179 ದೇಶಗಳು ಪಾಲ್ಗೊಂಡು, ಮುಂದಿನ ಇಪ್ಪತ್ತು ವರ್ಷಗಳಿಗೆ ಅನ್ವಯಿಸುವ ಹದಿನಾರು ಅಧ್ಯಾಯಗಳ ಕಾರ್ಯಕ್ರಮವೊಂದನ್ನು ಅಂಗೀಕರಿಸಬೇಕಾಗಿದ್ದ ಈ ಸಭೆಯ ಮೊದಲ ದಿನಗಳನ್ನು ನುಂಗಿಹಾಕಿದ್ದು ಎಂಟನೆಯ ಅಧ್ಯಾಯದ ಒಂದೇ ಒಂದು ಕಂಡಿಕೆ. ಗರ್ಭಪಾತದ ಬಗ್ಗೆ ಸರ್ಕಾರಗಳು ಏನು ಮಾಡಬೇಕು ಎಂಬುದು ಅದರ ವಿಷಯವಾಗಿತ್ತು. ಸಮ್ಮೇಳನಕ್ಕೆ ಮುಂಚಿನ ತಿಂಗಳುಗಳಲ್ಲಿ ಜಗತ್ತಿನ ಪತ್ರಿಕೆಗಳು ವ್ಯಾಟಿಕನ್ ಮತ್ತು ಇಸ್ಲಾಮೀ ದೇಶಗಳು ಗರ್ಭಪಾತದ ವಿರುದ್ಧ ಒಂದೇ ಕೂಟ ಕಟ್ಟಿಕೊಂಡಿವೆ ಎಂದು ಬರೆದಿದ್ದವು. ಆದರೆ ಸಭೆ ಸೇರಿ ಕರಡಿನ ಪದಪದವನ್ನು ಚರ್ಚಿಸುವ ಹೊತ್ತಿಗೆ ಆ ಕೂಟ ಗರ್ಭಪಾತದ ಕಂಡಿಕೆಯ ಮೇಲೆಯೇ ಸಡಿಲಗೊಂಡಿತು. ಕುಟುಂಬ, ವಿವಾಹ, ಉತ್ತರಾಧಿಕಾರಗಳಂಥ ಬೇರೆ ವಿಷಯಗಳಲ್ಲಿ ಮಾತ್ರ ಉಳಿಯಿತು. ಹೀಗೇಕಾಯಿತು ಎಂಬುದು ಈ ಅಧ್ಯಯನದ ಪ್ರಶ್ನೆ. ರಾಜತಂತ್ರದ ಲೆಕ್ಕಾಚಾರದಲ್ಲಿ ಇದಕ್ಕೆ ಉತ್ತರದ ಒಂದು ಭಾಗ ಮಾತ್ರ ಸಿಗುತ್ತದೆ. ಹೆಚ್ಚಿನ ಭಾಗ ಎರಡು ಧರ್ಮಶಾಸ್ತ್ರಗಳು ಗರ್ಭವನ್ನು ನೋಡುವ ಬಗೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಹಿನ್ನೆಲೆ

ಈ ಬಗೆಯ ಸಮ್ಮೇಳನಗಳು ಹತ್ತು ವರ್ಷಕ್ಕೊಮ್ಮೆ ನಡೆಯುತ್ತ ಬಂದಿದ್ದವು: 1974ರಲ್ಲಿ ಬುಕಾರೆಸ್ಟ್, 1984ರಲ್ಲಿ ಮೆಕ್ಸಿಕೋ ನಗರ. ಗರ್ಭಪಾತವನ್ನು ಯಾವ ಕಾರಣಕ್ಕೂ ಕುಟುಂಬ ಯೋಜನೆಯ ವಿಧಾನವಾಗಿ ಉತ್ತೇಜಿಸಬಾರದು ಎಂಬ ವಾಕ್ಯ ಮೆಕ್ಸಿಕೋದಲ್ಲಿಯೇ ದಾಖಲೆಗೆ ಸೇರಿತ್ತು. ಆಗ ಅಮೆರಿಕದಲ್ಲಿ ರೇಗನ್ ಸರ್ಕಾರವಿದ್ದುದರಿಂದ ವ್ಯಾಟಿಕನ್ನಿಗೆ ಬಲವಾದ ಜತೆಗಾರನಿದ್ದ. 1993ರ ಜನವರಿಯಲ್ಲಿ ಅಧಿಕಾರಕ್ಕೆ ಬಂದ ಕ್ಲಿಂಟನ್ ಮೊದಲ ವಾರದಲ್ಲೇ ಗರ್ಭಪಾತಕ್ಕೆ ಸಂಬಂಧಿಸಿದ ರೇಗನ್ ಕಾಲದ ನಿರ್ಬಂಧಗಳನ್ನು ತೆಗೆದುಹಾಕಿದರು. 1994ರ ಮಾರ್ಚ್‌ನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಸುರಕ್ಷಿತ, ಕಾನೂನುಬದ್ಧ, ಸ್ವಇಚ್ಛೆಯ ಗರ್ಭಪಾತ ಎಲ್ಲ ಮಹಿಳೆಯರ ಮೂಲಭೂತ ಹಕ್ಕು ಎಂದು ತನ್ನ ರಾಯಭಾರ ಕಚೇರಿಗಳಿಗೆ ತಿಳಿಸಿತು. ಅದೇ ತಿಂಗಳು ಪೋಪ್ ಎರಡನೆಯ ಜಾನ್ ಪೌಲರು ಸಮ್ಮೇಳನದ ಮಹಾ ಕಾರ್ಯದರ್ಶಿ, ಪಾಕಿಸ್ತಾನದ ವೈದ್ಯೆ ನಫೀಸ್ ಸಾದಿಕ್ ಅವರನ್ನು ಭೇಟಿಯಾಗಿ ತಮ್ಮ ವಿರೋಧವನ್ನು ನೇರವಾಗಿ ಹೇಳಿದರು ಮತ್ತು ಜಗತ್ತಿನ ರಾಷ್ಟ್ರಾಧ್ಯಕ್ಷರಿಗೆಲ್ಲ ಪತ್ರ ಬರೆದರು. ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಪೂರ್ವಸಿದ್ಧತಾ ಸಭೆ ಮುಗಿಯುವಾಗ ಒಪ್ಪಿಗೆಯಾಗದ ಪದಗಳೆಲ್ಲ ಆವರಣ ಚಿಹ್ನೆಗಳೊಳಗೆ ಕುಳಿತಿದ್ದವು. ಗರ್ಭಪಾತದ ಕಂಡಿಕೆಯಂತೂ ಪೂರ್ತಿಯಾಗಿ ಅದರೊಳಗಿತ್ತು.

ವ್ಯಾಟಿಕನ್ ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರವಲ್ಲ. ಆದರೂ ಪವಿತ್ರ ಪೀಠ ಎಂಬ ಹೆಸರಿನಲ್ಲಿ ಇಂಥ ಸಮ್ಮೇಳನಗಳಲ್ಲಿ ಉಳಿದ ದೇಶಗಳ ಸಾಲಿನಲ್ಲಿ ಕೂತು ಮಾತಾಡುವ ಅವಕಾಶ ಅದಕ್ಕಿದೆ. ನಿರ್ಣಯಗಳು ಮತದಾನದಿಂದ ಆಗದೆ ಒಮ್ಮತದಿಂದ ಆಗುವ ಪದ್ಧತಿಯಿರುವಾಗ ಒಬ್ಬರು ಒಪ್ಪದೆ ಕೂತರೂ ಉಳಿದವರು ಕಾಯಬೇಕಾಗುತ್ತದೆ. ವ್ಯಾಟಿಕನ್ನಿನ ಪ್ರಭಾವ ಅದರ ಗಾತ್ರವನ್ನು ಮೀರಿದ್ದು ಈ ಕಾರಣದಿಂದ.

ಮುಸ್ಲಿಂ ಜಗತ್ತಿನಲ್ಲೂ ಆ ಬೇಸಿಗೆಯಲ್ಲಿ ಕೋಲಾಹಲವೆದ್ದಿತು. ಕೈರೋದ ಅಲ್ ಅಝರ್ ಸಂಸ್ಥೆ, ಅಂದರೆ ಸುನ್ನಿ ವಿದ್ವತ್ತಿನ ಅತ್ಯಂತ ಹಳೆಯ ಪೀಠಗಳಲ್ಲೊಂದು, ಕರಡು ಶರಿಯತ್ತಿಗೆ ವಿರುದ್ಧವಾಗಿದೆಯೆಂದು ಆಗಸ್ಟ್‌ನಲ್ಲಿ ಹೇಳಿಕೆ ಹೊರಡಿಸಿತು. ಆಗ ಅದರ ಮುಖ್ಯಸ್ಥರಾಗಿದ್ದವರು ಶೇಖ್ ಗಾದ್ ಅಲ್ ಹಕ್. ಸೌದಿ ಅರೇಬಿಯಾ, ಸುಡಾನ್, ಲೆಬನಾನ್ ಮತ್ತು ಇರಾಕ್ ಸಮ್ಮೇಳನಕ್ಕೆ ಬರಲಿಲ್ಲ. ಇರಾನ್ ಮತ್ತು ಲಿಬಿಯಾಗಳ ಜತೆ ವ್ಯಾಟಿಕನ್ ಪ್ರತಿನಿಧಿಗಳು ಮಾತುಕತೆ ನಡೆಸಿದರು. ಆ ದಿನಗಳಲ್ಲಿ ಪಶ್ಚಿಮದೊಡನೆ ಹದಗೆಟ್ಟ ಸಂಬಂಧವಿದ್ದ ಈ ಎರಡು ದೇಶಗಳಿಗೆ ರೋಮಿನ ಗೆಳೆತನ ರಾಜಕೀಯವಾಗಿಯೂ ಬೇಕಾಗಿತ್ತು ಎಂಬುದನ್ನು ಮರೆಯುವಂತಿಲ್ಲ.

ಕಥೋಲಿಕ ನಿಲುವು

ಕ್ರೈಸ್ತ ಧರ್ಮದ ಅತಿ ಹಳೆಯ ಬರಹಗಳಲ್ಲೊಂದಾದ ಡಿಡಾಕೆಯಲ್ಲೇ ಗರ್ಭಪಾತದಿಂದ ಮಗುವನ್ನು ಕೊಲ್ಲಬಾರದು ಎಂಬ ಆಜ್ಞೆಯಿದೆ. ಗರ್ಭಪಾತ ಪಾಪ ಎಂಬ ವಿಷಯದಲ್ಲಿ ಧರ್ಮಸಭೆಗೆ ಎಂದೂ ಸಂದೇಹವಿರಲಿಲ್ಲ. ಆದರೆ ಅದು ಎಂಥ ಪಾಪ, ಯಾವ ಹಂತದಿಂದ ನರಹತ್ಯೆ ಎನ್ನಿಸಿಕೊಳ್ಳುತ್ತದೆ ಎಂಬುದರಲ್ಲಿ ಶತಮಾನಗಳ ಕಾಲ ಭಿನ್ನಾಭಿಪ್ರಾಯವಿತ್ತು. ಬೈಬಲ್ಲಿನ ನಿರ್ಗಮನ ಕಾಂಡದ ಗ್ರೀಕ್ ಅನುವಾದ ರೂಪುಗೊಂಡ ಮತ್ತು ರೂಪುಗೊಳ್ಳದ ಭ್ರೂಣಗಳ ನಡುವೆ ಭೇದ ಮಾಡಿತ್ತು. ಸಂತ ಅಗಸ್ಟೀನರು ಆ ಭೇದವನ್ನು ಒಪ್ಪಿದರು. ಪೂರ್ವದ ಧರ್ಮಸಭೆಯ ಸಂತ ಬೆಸಿಲರು ಅಂಥ ಸೂಕ್ಷ್ಮ ಲೆಕ್ಕ ತಮಗೆ ಬೇಡವೆಂದು ತಳ್ಳಿಹಾಕಿದರು, ಆರ್ಥೊಡಾಕ್ಸ್ ಸಂಪ್ರದಾಯ ಇಂದಿಗೂ ಅವರ ದಾರಿಯಲ್ಲೇ ಇದೆ. ಪಶ್ಚಿಮದಲ್ಲಿ ಥಾಮಸ್ ಅಕ್ವೈನಾಸರು ಅರಿಸ್ಟಾಟಲನನ್ನು ಅನುಸರಿಸಿ, ವಿವೇಕಾತ್ಮ ಭ್ರೂಣವನ್ನು ಸೇರುವುದು ಗರ್ಭಧಾರಣೆಯಾದ ಕೆಲವು ವಾರಗಳ ನಂತರ ಎಂದು ತಿಳಿದಿದ್ದರು. 1588ರಲ್ಲಿ ಪೋಪ್ ಐದನೆಯ ಸಿಕ್ಸ್ಟಸರು ಎಲ್ಲ ಹಂತದ ಗರ್ಭಪಾತಕ್ಕೂ ಒಂದೇ ಕಠಿಣ ದಂಡನೆ ವಿಧಿಸಿದರೆ, ಮೂರೇ ವರ್ಷದಲ್ಲಿ ಹದಿನಾಲ್ಕನೆಯ ಗ್ರೆಗರಿಯವರು ಅದನ್ನು ಸಡಿಲಿಸಿದರು. ಧರ್ಮಸಭೆಯ ದಂಡಸಂಹಿತೆಯಿಂದ ಹಂತಗಳ ಭೇದ ಕೊನೆಗೂ ಮಾಯವಾದದ್ದು 1869ರಲ್ಲಿ, ಒಂಬತ್ತನೆಯ ಪಯಸ್‌ರ ಕಾಲದಲ್ಲಿ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಆತ್ಮ ಯಾವ ಗಳಿಗೆಯಲ್ಲಿ ಬರುತ್ತದೆ ಎಂಬ ಪ್ರಶ್ನೆಗೆ ರೋಮ್ ಇಂದಿಗೂ ಅಧಿಕೃತ ಉತ್ತರ ಕೊಟ್ಟಿಲ್ಲ. 1974ರಲ್ಲಿ ವ್ಯಾಟಿಕನ್ ಗರ್ಭಪಾತದ ಬಗ್ಗೆ ಹೊರಡಿಸಿದ ಘೋಷಣೆ ಆ ಪ್ರಶ್ನೆಯನ್ನು ಬೇಕೆಂದೇ ಬದಿಗಿಟ್ಟು, ಅಲ್ಲಿರುವುದು ಮನುಷ್ಯಜೀವ ಆಗಿರಬಹುದು ಎಂಬ ಸಾಧ್ಯತೆಯೊಂದೇ ಅದನ್ನು ಮುಟ್ಟದಿರಲು ಸಾಕು ಎಂದು ವಾದಿಸಿತು. ಈ ವಾದದಲ್ಲಿ ದಿನಗಳ ಎಣಿಕೆಗೆ ಜಾಗವೇ ಇಲ್ಲ. ಗರ್ಭಧಾರಣೆಯ ಕ್ಷಣದಿಂದ ನಿಷೇಧ ಪೂರ್ಣವಾಗಿರುತ್ತದೆ. ಬಲಾತ್ಕಾರವಾಗಲಿ, ಭ್ರೂಣದ ಅಂಗವೈಕಲ್ಯವಾಗಲಿ ಅದನ್ನು ಬದಲಿಸುವುದಿಲ್ಲ. ಗರ್ಭಪಾತ ಮಾಡಿಸಿದವರಿಗೆ ತಾನಾಗಿಯೇ ಬಹಿಷ್ಕಾರ ಅನ್ವಯಿಸುತ್ತದೆ ಎಂದು 1983ರ ಧರ್ಮಸಭೆಯ ಕಾನೂನು ಹೇಳಿತು. ತಾಯಿಯ ಜೀವ ಅಪಾಯದಲ್ಲಿದ್ದಾಗ ಏನು ಎಂಬುದಕ್ಕೆ ಅವರಲ್ಲಿ ದ್ವಿಪರಿಣಾಮದ ತತ್ತ್ವವಿದೆ: ಕ್ಯಾನ್ಸರಿಗೆ ತುತ್ತಾದ ಗರ್ಭಕೋಶವನ್ನು ತೆಗೆಯಬಹುದು, ಅದರಿಂದ ಭ್ರೂಣ ಸಾಯುವುದು ಉದ್ದೇಶವಲ್ಲದ ಪರಿಣಾಮ, ಆದರೆ ಭ್ರೂಣವನ್ನೇ ಗುರಿಯಾಗಿಸಿದ ಚಿಕಿತ್ಸೆ ಕೂಡದು. ವೈದ್ಯರಿಗೆ ಪ್ರಸವ ಕೋಣೆಯಲ್ಲಿ ಈ ಗೆರೆ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

ಕ್ರೈಸ್ತರೆಲ್ಲರ ನಿಲುವೂ ಇದೇ ಎಂದುಕೊಂಡರೆ ತಪ್ಪಾಗುತ್ತದೆ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಸಭೆ ಇಂದು ಕಟ್ಟಾ ವಿರೋಧಿ, ಆದರೆ 1971ರಲ್ಲಿ ಬಲಾತ್ಕಾರ, ಭ್ರೂಣದ ತೀವ್ರ ವೈಕಲ್ಯ, ತಾಯಿಯ ದೈಹಿಕ ಮತ್ತು ಮಾನಸಿಕ ಆರೋಗ್ಯಕ್ಕೆ ಹಾನಿ ಇಂಥ ಸಂದರ್ಭಗಳಲ್ಲಿ ಅವಕಾಶ ಕೊಡುವ ಕಾನೂನುಗಳನ್ನು ಅದೇ ಸಭೆ ಬೆಂಬಲಿಸಿತ್ತು. ಲೂಥರನ್ ಪರಂಪರೆಯ ನಾರ್ವೆ 1978ರಲ್ಲೇ ಮೊದಲ ಹನ್ನೆರಡು ವಾರಗಳ ನಿರ್ಧಾರವನ್ನು ಮಹಿಳೆಗೆ ಬಿಟ್ಟುಕೊಟ್ಟಿತ್ತು, ಕೈರೋದಲ್ಲಿ ವ್ಯಾಟಿಕನ್ನಿಗೆ ಎದುರಾಗಿ ಅತಿ ಖಡಕ್ಕಾಗಿ ಮಾತಾಡಿದವರು ಆ ದೇಶದ ಪ್ರಧಾನಿಯೇ.

ಫಿಕ್ಹ್‌ನ ಲೆಕ್ಕ

ಫಿಕ್ಹ್, ಅಂದರೆ ಇಸ್ಲಾಮೀ ನ್ಯಾಯಶಾಸ್ತ್ರ, ಇದಕ್ಕೆ ವಿರುದ್ಧ ದಿಕ್ಕಿನಿಂದ ಹೊರಡುತ್ತದೆ. ಅಲ್ಲಿ ಹಂತಗಳೇ ಎಲ್ಲವೂ. ಕುರ್‌ಆನಿನ 23ನೆಯ ಅಧ್ಯಾಯದ 12ರಿಂದ 14ರವರೆಗಿನ ವಚನಗಳು ಬಿಂದು, ಅಂಟಿಕೊಂಡ ರಕ್ತಪಿಂಡ, ಮಾಂಸದ ಮುದ್ದೆ, ಎಲುಬು, ಎಲುಬಿಗೆ ಹೊದಿಸಿದ ಮಾಂಸ ಎಂದು ಕ್ರಮವಾಗಿ ಹೇಳಿ, ಆಮೇಲೆ ದೇವರು ಅದನ್ನು ಬೇರೆಯೇ ಒಂದು ಸೃಷ್ಟಿಯಾಗಿ ಮಾಡಿದನು ಎನ್ನುತ್ತವೆ. ಇಬ್ನ್ ಮಸೂದರಿಂದ ಬಂದ, ಬುಖಾರಿ ಮತ್ತು ಮುಸ್ಲಿಂ ಎಂಬ ಸಂಗ್ರಹಗಳೆರಡರಲ್ಲೂ ಇರುವ ಹದೀಸಿನಲ್ಲಿ, ಅಂದರೆ ಪ್ರವಾದಿಯವರ ಮಾತಿನ ದಾಖಲೆಯಲ್ಲಿ, ಮೂರು ನಲವತ್ತು ದಿನಗಳ ನಂತರ ದೇವದೂತನು ರೂಹನ್ನು, ಎಂದರೆ ಆತ್ಮವನ್ನು, ಊದುವ ಮಾತು ಬರುತ್ತದೆ. ಹೀಗೆ 120 ದಿನ ಎಂಬ ಗಡಿ ಹುಟ್ಟಿತು. ಮತ್ತೊಂದು ಹದೀಸಿನ ಆಧಾರದಲ್ಲಿ ಆ ಗಡಿಯನ್ನು ನಲವತ್ತು ದಿನಕ್ಕೆ ತರುವವರೂ ಇದ್ದಾರೆ. ರೂಹ್ ಬಂದ ಮೇಲೆ ತಾಯಿಯ ಪ್ರಾಣ ಉಳಿಸುವುದರ ಹೊರತು ಗರ್ಭಪಾತ ಹರಾಮ್ ಎಂಬುದರಲ್ಲಿ ಇಂದಿನ ವಿದ್ವಾಂಸರಲ್ಲಿ ಹೆಚ್ಚಿನ ತಕರಾರಿಲ್ಲ. ಅಲ್ ಅಝರಿನ ಶೇಖ್ ಆಗಿದ್ದ ಮಹಮೂದ್ ಶಲ್ತೂತ್ ತಾಯಿಯನ್ನು ಬೇರಿನ ಸ್ಥಾನದಲ್ಲಿಟ್ಟು, ಎರಡು ಕೇಡುಗಳಲ್ಲಿ ಚಿಕ್ಕದನ್ನು ಆರಿಸಿಕೊಳ್ಳಬೇಕೆಂಬ ನಿಯಮದಂತೆ ಆಕೆಯನ್ನು ಉಳಿಸಬೇಕೆಂದು ಹೇಳಿದರು.

ಅದಕ್ಕಿಂತ ಮೊದಲಿನ ಅವಧಿಯಲ್ಲಿ ಮಾತ್ರ ಪಂಥ ಪಂಥಕ್ಕೂ ವ್ಯತ್ಯಾಸ. ಉತ್ತರ ಆಫ್ರಿಕದಲ್ಲಿ ಪ್ರಬಲವಾಗಿರುವ ಮಾಲಿಕಿ ಪಂಥ ವೀರ್ಯ ಗರ್ಭಕೋಶದಲ್ಲಿ ನೆಲೆಗೊಂಡ ಕ್ಷಣದಿಂದಲೇ ನಿಷೇಧಿಸುತ್ತದೆ, ಈ ಒಂದು ವಿಷಯದಲ್ಲಿ ಅದು ರೋಮಿಗೆ ಅತ್ಯಂತ ಹತ್ತಿರ. ಶಾಫಿ ಪಂಥದ ಇಮಾಮ್ ಗಝಾಲಿಯವರು ಗರ್ಭನಿರೋಧವನ್ನು ಒಪ್ಪಿ, ಗರ್ಭಪಾತವನ್ನು ಅದರಿಂದ ಬೇರ್ಪಡಿಸಿ, ಗರ್ಭ ಬೆಳೆದಂತೆಲ್ಲ ಅಪರಾಧದ ಭಾರವೂ ಬೆಳೆಯುತ್ತದೆ ಎಂದರು. ತುರ್ಕಿ, ಮಧ್ಯ ಏಷ್ಯಾ ಮತ್ತು ಭಾರತ ಉಪಖಂಡದಲ್ಲಿ ಹೆಚ್ಚಾಗಿರುವ ಹನಫಿಗಳಲ್ಲಿ 120 ದಿನಗಳೊಳಗೆ ಸಕಾರಣವಿದ್ದರೆ ಆಗಬಹುದು ಎಂಬ ಅಭಿಪ್ರಾಯ ಬಲವಾಗಿದೆ. ಸಕಾರಣಕ್ಕೆ ಡಮಾಸ್ಕಸಿನ ಇಬ್ನ್ ಆಬಿದೀನ್ ಹತ್ತೊಂಬತ್ತನೆಯ ಶತಮಾನದಲ್ಲಿ ಎತ್ತಿಕೊಡುವ ಉದಾಹರಣೆ ಬಹಳ ಮನೆಮಟ್ಟದ್ದು: ಕಂಕುಳಲ್ಲಿ ಹಾಲು ಕುಡಿಯುವ ಕೂಸಿದೆ, ತಾಯಿ ಮತ್ತೆ ಬಸುರಾಗಿ ಅವಳ ಎದೆಹಾಲು ಬತ್ತಿದೆ, ಹಾಲೂಡಿಸುವ ದಾಯಿಯನ್ನು ಗೊತ್ತುಮಾಡಲು ತಂದೆಯ ಬಳಿ ಹಣವಿಲ್ಲ, ಕೂಸು ಸಾಯುವ ಭಯವಿದೆ. ಹುಟ್ಟಿರುವ ಮಗುವಿಗಾಗಿ ಇನ್ನೂ ರೂಪುಗೊಳ್ಳದ ಗರ್ಭವನ್ನು ಬಿಡಬಹುದೆಂಬ ಈ ತೂಗುವಿಕೆ ಕಥೋಲಿಕ ಚೌಕಟ್ಟಿನಲ್ಲಿ ಊಹೆಗೂ ನಿಲುಕದು.

ದಂಡದ ಲೆಕ್ಕದಲ್ಲೂ ಇದೇ ಏರಿಕೆಯ ಕ್ರಮ ಕಾಣುತ್ತದೆ. ಹುದೈಲ್ ಬುಡಕಟ್ಟಿನ ಇಬ್ಬರು ಹೆಂಗಸರ ಜಗಳದಲ್ಲಿ ಒಬ್ಬಳು ಎಸೆದ ಕಲ್ಲಿನಿಂದ ಮತ್ತೊಬ್ಬಳ ಗರ್ಭ ಹೋದಾಗ ಪ್ರವಾದಿಯವರು ಕೊಟ್ಟ ತೀರ್ಪಿನಿಂದ ಬೆಳೆದ ನಿಯಮದಂತೆ, ಗರ್ಭನಷ್ಟಕ್ಕೆ ಪೂರ್ಣ ರಕ್ತಧನದ (ಕೊಲೆಗೆ ಪರಿಹಾರವಾಗಿ ತೆರುವ ಮೊತ್ತದ) ಇಪ್ಪತ್ತನೆಯ ಒಂದು ಭಾಗ ತೆರಬೇಕು, ಎಂದರೆ ನೂರು ಒಂಟೆಯ ಜಾಗದಲ್ಲಿ ಐದು. ಶಿಯಾಗಳ ಜಾಫರಿ ಪಂಥ ಇದನ್ನು ಇನ್ನಷ್ಟು ಬಿಡಿಸಿ, ಸಾವಿರ ದೀನಾರಿನ ಪೂರ್ಣ ರಕ್ತಧನದ ಎದುರು ಬಿಂದುವಿಗೆ 20, ರಕ್ತಪಿಂಡಕ್ಕೆ 40, ಮಾಂಸದ ಮುದ್ದೆಗೆ 60, ಎಲುಬು ಮೂಡಿದ್ದಕ್ಕೆ 80, ಪೂರ್ಣ ರೂಪಕ್ಕೆ 100 ಎಂದು ಗೊತ್ತುಮಾಡುತ್ತದೆ.

ಆದರೆ ಗ್ರಂಥದಲ್ಲಿರುವ ಅವಕಾಶ ನೆಲದ ಮೇಲಿನ ಅವಕಾಶವಲ್ಲ. 1994ರಲ್ಲಿ ಹೆಚ್ಚಿನ ಮುಸ್ಲಿಂ ದೇಶಗಳಲ್ಲಿ ಗರ್ಭಪಾತ ಅಪರಾಧವಾಗಿತ್ತು, ಮತ್ತು ಆ ಅಪರಾಧ ಸಂಹಿತೆಗಳು ಅನೇಕ ಕಡೆ ಫಿಕ್ಹ್‌ನಿಂದ ಬಂದವಲ್ಲ. ಈಜಿಪ್ಟಿನದು ಫ್ರೆಂಚ್ ಮಾದರಿಯದು. ಪಾಕಿಸ್ತಾನ, ಬಾಂಗ್ಲಾದೇಶಗಳಿಗೆ ಬ್ರಿಟಿಷರು 1860ರ ದಂಡಸಂಹಿತೆಯ 312ನೆಯ ಕಲಮನ್ನು ಬಿಟ್ಟುಹೋಗಿದ್ದರು. ಇದೇ ಕಲಮು ಭಾರತದಲ್ಲೂ ಇತ್ತು, ಮತ್ತು 1971ರ ವೈದ್ಯಕೀಯ ಗರ್ಭಸಮಾಪ್ತಿ ಕಾಯಿದೆ ಬಂದ ಮೇಲೆಯೇ ನಮ್ಮ ವೈದ್ಯರಿಗೆ ಅದರ ಭಯ ಸಡಿಲವಾಯಿತು. ಪಾಕಿಸ್ತಾನ 1990ರಲ್ಲಿ ಕಾನೂನನ್ನು ಇಸ್ಲಾಮೀಕರಣಗೊಳಿಸಿದಾಗ ಅದು ಕಠಿಣವಾಗುವ ಬದಲು ತುಸು ಸಡಿಲವಾಯಿತು: ಅಂಗಾಂಗ ಮೂಡುವ ಮೊದಲು ಅಗತ್ಯ ಚಿಕಿತ್ಸೆಗಾಗಿಯೂ ಗರ್ಭಪಾತ ಮಾಡಬಹುದೆಂದು ಸೇರಿತು. ಟ್ಯುನೀಸಿಯಾ 1973ರಲ್ಲೇ ಮೊದಲ ಮೂರು ತಿಂಗಳು ಮಹಿಳೆ ಕೇಳಿದರೆ ಸಾಕೆಂದು ಮಾಡಿತ್ತು, ಅದೂ ಮಾಲಿಕಿ ಪಂಥದ ನಾಡಿನಲ್ಲಿ.

ಕೈರೋದ ಆ ವಾರ

ಉದ್ಘಾಟನೆಯ ದಿನ ಇಬ್ಬರು ಮಹಿಳಾ ಪ್ರಧಾನಿಗಳು ಮಾತಾಡಿದರು. ನಾರ್ವೆಯ ಗ್ರೊ ಹಾರ್ಲೆಮ್ ಬ್ರುಂಟ್‌ಲಾಂಡ್, ಬೇಡದ ಬಸುರು ಮತ್ತು ಅಕ್ರಮ ಗರ್ಭಪಾತದಿಂದ ತಾಯಂದಿರು ನರಳಿ ಸಾಯುವುದನ್ನು ಒಪ್ಪಿಕೊಳ್ಳುವ ನೀತಿಯನ್ನು ಆಷಾಢಭೂತಿತನವೆಂದೇ ಕರೆದರು. ಪಾಕಿಸ್ತಾನದ ಬೆನಜೀರ್ ಭುಟ್ಟೊ ಬಡತನಕ್ಕೆ ಹೆದರಿ ಮಕ್ಕಳನ್ನು ಕೊಲ್ಲಬೇಡಿರೆಂಬ ಕುರ್‌ಆನ್ ವಚನವನ್ನು ಉದ್ಧರಿಸಿ, ಅಪರೂಪದ ಸಂದರ್ಭಗಳನ್ನು ಬಿಟ್ಟರೆ ಇಸ್ಲಾಂ ಗರ್ಭಪಾತವನ್ನು ಜನಸಂಖ್ಯಾ ನಿಯಂತ್ರಣದ ಮಾರ್ಗವಾಗಿ ಒಪ್ಪುವುದಿಲ್ಲ ಎಂದರು. ಈ ಮಾತು ಮೇಲ್ನೋಟಕ್ಕೆ ವ್ಯಾಟಿಕನ್ನಿನ ಧ್ವನಿಯಂತೆಯೇ ಕೇಳಿಸಿತು. ಆದರೆ ಅಪರೂಪದ ಸಂದರ್ಭಗಳನ್ನು ಬಿಟ್ಟು ಎಂಬ ಷರತ್ತನ್ನು ರೋಮಿನ ಯಾವ ಪ್ರತಿನಿಧಿಯೂ ಸೇರಿಸುವಂತಿರಲಿಲ್ಲ. ವಾರದ ಉಳಿದ ಕಥೆಯೆಲ್ಲ ಆ ಷರತ್ತಿನಲ್ಲೇ ಅಡಗಿತ್ತು.

ಸಣ್ಣ ಗುಂಪೊಂದು ಕೂತು ಕಂಡಿಕೆಯ ಹೊಸ ಕರಡು ಸಿದ್ಧಮಾಡಿತು. ಮೆಕ್ಸಿಕೋದ ವಾಕ್ಯವನ್ನು ಕಂಡಿಕೆಯ ತಲೆಗೇ ತಂದರು. ಅಸುರಕ್ಷಿತ ಗರ್ಭಪಾತವನ್ನು ಸಾರ್ವಜನಿಕ ಆರೋಗ್ಯದ ದೊಡ್ಡ ಸಮಸ್ಯೆಯಾಗಿ ಕಾಣಬೇಕು, ಕುಟುಂಬ ಯೋಜನೆಯನ್ನು ಉತ್ತಮಪಡಿಸಿ ಗರ್ಭಪಾತದ ಅಗತ್ಯವನ್ನು ಕಡಿಮೆಮಾಡಬೇಕು, ಕಾನೂನಿನ ಬದಲಾವಣೆ ಆಯಾ ದೇಶಕ್ಕೆ ಬಿಟ್ಟದ್ದು ಎಂದು ಬರೆದರು. ಕಾನೂನುಬದ್ಧ ಎಂಬ ಪದ ಹಕ್ಕಿನ ವಾಸನೆ ಹೊಡೆಯುತ್ತದೆಂಬ ತಕರಾರು ಬಂದಾಗ ಅದನ್ನು ತೆಗೆದು, ಗರ್ಭಪಾತ ಕಾನೂನಿಗೆ ವಿರುದ್ಧವಲ್ಲದ ಕಡೆ ಅದು ಸುರಕ್ಷಿತವಾಗಿರಬೇಕು ಎಂದು ಬದಲಿಸಿದರು. ಎಲ್ಲ ಸಂದರ್ಭಗಳಲ್ಲೂ, ಅಂದರೆ ಗರ್ಭಪಾತ ಅಕ್ರಮವಾಗಿದ್ದರೂ, ಅದರಿಂದಾದ ತೊಂದರೆಗಳಿಗೆ ಮಹಿಳೆಗೆ ಒಳ್ಳೆಯ ಚಿಕಿತ್ಸೆ ಸಿಗಬೇಕೆಂಬ ವಾಕ್ಯವೂ ಸೇರಿತು. ನನ್ನ ದೃಷ್ಟಿಯಲ್ಲಿ ಇಡೀ ಕಂಡಿಕೆಯಲ್ಲಿ ಅತಿ ಹೆಚ್ಚು ಜೀವ ಉಳಿಸಬಲ್ಲ ಮಾತು ಅದೇ, ಆದರೆ ಅದರ ಬಗ್ಗೆ ಅತಿ ಕಡಿಮೆ ಜಗಳವಾಯಿತು.

ಪಾಕಿಸ್ತಾನ, ಇರಾನ್, ಆತಿಥೇಯ ಈಜಿಪ್ಟ್ ಸೇರಿದಂತೆ ಹೆಚ್ಚಿನ ಮುಸ್ಲಿಂ ದೇಶಗಳು ಈ ಕರಡಿನೊಂದಿಗೆ ಬದುಕಬಲ್ಲವಾಗಿದ್ದವು. ಗರ್ಭಪಾತ ಕುಟುಂಬ ಯೋಜನೆಯಲ್ಲ ಎಂಬ ಮೊದಲ ವಾಕ್ಯ ಅವರ ಮುಖ್ಯ ಬೇಡಿಕೆಯನ್ನು ಪೂರೈಸಿತ್ತು, ಗರ್ಭನಿರೋಧದ ಬಗ್ಗೆ ಅವರಲ್ಲಿ ವ್ಯಾಟಿಕನ್ನಿನಂಥ ತಾತ್ವಿಕ ಆಕ್ಷೇಪವೂ ಇರಲಿಲ್ಲ. ಇರಾನ್ 1989ರಿಂದ ಧರ್ಮಪಂಡಿತರಾದ ಉಲೆಮಾಗಳ ಒಪ್ಪಿಗೆಯೊಂದಿಗೇ ಬೃಹತ್ ಕುಟುಂಬ ಯೋಜನೆ ನಡೆಸುತ್ತಿತ್ತು. ನಸ್‌ಬಂದಿಯೂ ಅದರಲ್ಲಿ ಸೇರಿತ್ತು. ವ್ಯಾಟಿಕನ್ನಿಗೆ ಸುರಕ್ಷಿತ ಎಂಬ ವಿಶೇಷಣವೇ ನುಂಗಲಾರದ ತುತ್ತಾಯಿತು: ಒಂದು ಜೀವ ಕಡ್ಡಾಯವಾಗಿ ಸಾಯುವ ಕ್ರಿಯೆಗೆ ಸುರಕ್ಷಿತವೆಂದು ಹೇಗೆ ಹೇಳುವುದು ಎಂಬುದು ಅವರ ವಾದ. ಜತೆಗೆ ನಿಂತದ್ದು ಮಾಲ್ಟಾ ಮತ್ತು ಲ್ಯಾಟಿನ್ ಅಮೆರಿಕದ ಕೆಲವು ದೇಶಗಳು. ಚರ್ಚೆ ದಿನಗಟ್ಟಲೆ ನಿಂತಾಗ ಈಜಿಪ್ಟಿನ ಜನಸಂಖ್ಯಾ ಸಚಿವ ಮಾಹೆರ್ ಮಹ್ರಾನ್, ಜಗತ್ತನ್ನು ಆಳುವುದು ವ್ಯಾಟಿಕನ್ನೇ ಎಂದು ಸಿಟ್ಟಿನಿಂದ ಕೇಳಿದರು. ಕೂಟದಲ್ಲಿ ಜತೆಗಿರಬೇಕಾಗಿದ್ದ ಮುಸ್ಲಿಂ ದೇಶವೊಂದರ ಮಂತ್ರಿಯ ಬಾಯಿಂದ ಈ ಮಾತು ಬಂದದ್ದು ಕೂಟದ ಸ್ಥಿತಿಯನ್ನು ತಿಳಿಸುತ್ತದೆ. ಕೊನೆಗೆ ವ್ಯಾಟಿಕನ್ ದಾರಿ ಬಿಟ್ಟಿತು.

ಆಕ್ಷೇಪಗಳು ಹೇಳುವುದೇನು

ಅಂತಿಮ ದಾಖಲೆಯ ಜತೆ ಪ್ರಕಟವಾದ ದೇಶವಾರು ಆಕ್ಷೇಪಗಳನ್ನು ಒಟ್ಟಿಗೆ ಓದಿದರೆ ಎರಡು ಭಾಷೆಗಳು ಕೇಳಿಸುತ್ತವೆ. ಅರ್ಜೆಂಟೀನಾ, ಈಕ್ವೆಡಾರ್, ಎಲ್ ಸಾಲ್ವಡಾರ್, ಹೊಂಡುರಾಸ್‌ಗಳಂಥ ಕಥೋಲಿಕ ದೇಶಗಳು ಗರ್ಭಧಾರಣೆಯ ಕ್ಷಣದಿಂದ ಜೀವದ ರಕ್ಷಣೆ ಎಂಬ ಮಾತನ್ನು ಹಿಡಿದುಕೊಂಡಿವೆ. ಮುಸ್ಲಿಂ ದೇಶಗಳ ಆಕ್ಷೇಪಗಳಲ್ಲಿ ಆ ಮಾತು ಮುಖ್ಯವಲ್ಲ. ಇರಾನಿಗೆ ಚಿಂತೆಯಾದದ್ದು ಕೆಲವು ಪದಗಳು ವಿವಾಹದ ಹೊರಗಿನ ಸಂಬಂಧಕ್ಕೂ ಅನ್ವಯವಾದಾವು ಎಂಬುದು. ಲಿಬಿಯಾ ದಂಪತಿಗಳ ಜತೆಗೆ ವ್ಯಕ್ತಿಗಳು ಎಂಬ ಪದವಿರುವುದನ್ನು ಆಕ್ಷೇಪಿಸಿತು. ಸಂಯುಕ್ತ ಅರಬ್ ಎಮಿರೇಟ್ಸ್ ಗರ್ಭಪಾತವನ್ನು ಕುಟುಂಬ ಯೋಜನೆಯೆಂದು ಒಪ್ಪುವುದಿಲ್ಲ ಎನ್ನುವುದರ ಜತೆಯಲ್ಲೇ ಉತ್ತರಾಧಿಕಾರದಲ್ಲಿ ಶರಿಯತ್ತಿನ ಪಾಲನ್ನು ನೆನಪಿಸಿತು. ಯೆಮೆನಿನ ಹೇಳಿಕೆ ಎಲ್ಲಕ್ಕಿಂತ ಕುತೂಹಲಕರ. ಗರ್ಭಪಾತ ಯಾವಾಗ ಮಾಡಬೇಕೆಂಬುದಕ್ಕೆ ಶರಿಯತ್ತಿನಲ್ಲಿ ಸ್ಪಷ್ಟ ವಿಧಿಗಳಿವೆ, ಅಸುರಕ್ಷಿತ ಗರ್ಭಪಾತ ಎಂಬ ಮಾತು ತನಗೆ ಒಪ್ಪಿಗೆಯಲ್ಲ ಎಂದು ಅದು ಹೇಳಿತು. ಯಾವ ಗರ್ಭಪಾತವೂ ಕೂಡದು ಎಂಬ ನಿಲುವಿನಿಂದ ಇಂಥ ವಾಕ್ಯ ಹೊರಡುವುದಿಲ್ಲ.

ಪವಿತ್ರ ಪೀಠ ಬುಕಾರೆಸ್ಟ್ ಮತ್ತು ಮೆಕ್ಸಿಕೋಗಳೆರಡರಲ್ಲೂ ಒಮ್ಮತದಿಂದ ಹೊರಗುಳಿದಿತ್ತು, ಆದರೆ ಕೈರೋದಲ್ಲಿ ಮೊದಲ ಬಾರಿಗೆ ಭಾಗಶಃ ಸೇರಿಕೊಂಡಿತು. ಪ್ರಜನನ ಆರೋಗ್ಯ, ಪ್ರಜನನ ಹಕ್ಕು ಎಂಬ ಮಾತುಗಳಲ್ಲಿ ಗರ್ಭಪಾತ ಒಳಗೊಂಡಿದೆ ಎಂದು ತಾನು ತಿಳಿಯುವುದಿಲ್ಲವೆಂದು ದಾಖಲಿಸಿ, ಏಳು, ಎಂಟು ಸೇರಿದಂತೆ ಹಲವು ಅಧ್ಯಾಯಗಳಿಗೆ ತನ್ನ ಒಮ್ಮತ ಕೊಡಲಿಲ್ಲ. ಆರು ತಿಂಗಳ ನಂತರ, 1995ರ ಮಾರ್ಚ್ 25ರಂದು, ಪೋಪರು ಜೀವದ ಮೌಲ್ಯದ ಬಗ್ಗೆ ವಿಶ್ವಪತ್ರ ಹೊರಡಿಸಿ ನೇರ ಗರ್ಭಪಾತದ ಖಂಡನೆಯನ್ನು ಅತ್ಯಂತ ಗಂಭೀರ ಪದಗಳಲ್ಲಿ ಮತ್ತೆ ಹೇಳಿದರು.

ನಂತರದ ಬೆಳವಣಿಗೆ

ಕಾನೂನನ್ನು ಆಯಾ ದೇಶಕ್ಕೆ ಬಿಟ್ಟ ಕಂಡಿಕೆಯಾದ್ದರಿಂದ ಅದರ ಫಲವೂ ದೇಶಕ್ಕೊಂದು ಬಗೆಯಾಯಿತು. ಎಲ್ ಸಾಲ್ವಡಾರ್ 1998ರಲ್ಲಿ, ನಿಕರಾಗುವಾ 2006ರಲ್ಲಿ ತಾಯಿಯ ಜೀವ ಉಳಿಸುವುದಕ್ಕೂ ಅವಕಾಶವಿಲ್ಲದಂಥ ಸಂಪೂರ್ಣ ನಿಷೇಧ ತಂದವು. ಇರಾನ್ ಅದೇ ಅವಧಿಯಲ್ಲಿ, 2005ರಲ್ಲಿ, ಭ್ರೂಣದ ಗಂಭೀರ ಕಾಯಿಲೆ ಅಥವಾ ತಾಯಿಯ ಪ್ರಾಣಾಪಾಯವಿದ್ದರೆ ಮೂವರು ತಜ್ಞರ ಅಭಿಪ್ರಾಯದ ಮೇಲೆ ನಾಲ್ಕು ತಿಂಗಳೊಳಗೆ ಗರ್ಭಪಾತ ಮಾಡಬಹುದೆಂಬ ಕಾಯಿದೆ ಮಾಡಿತು. ಆ ನಾಲ್ಕು ತಿಂಗಳು ಹಳೆಯ 120 ದಿನಗಳೇ. 2021ರ ಜನಸಂಖ್ಯಾ ಕಾನೂನಿನಲ್ಲಿ ಇರಾನ್ ಮತ್ತೆ ಬಿಗಿಮಾಡಿತು, ಆದರೆ ಅದಕ್ಕೆ ಕಾರಣ ಜನನ ಪ್ರಮಾಣ ಕುಸಿದ ಆತಂಕವೇ ಹೊರತು ಹೊಸ ಧಾರ್ಮಿಕ ವ್ಯಾಖ್ಯಾನವಲ್ಲ.

1983ರಲ್ಲಿ ಸಂವಿಧಾನಕ್ಕೇ ಭ್ರೂಣದ ಜೀವದ ಹಕ್ಕನ್ನು ಸೇರಿಸಿದ್ದ ಐರ್ಲೆಂಡಿನ ಕಥೆ ಕರ್ನಾಟಕದವರಿಗೆ ಗೊತ್ತಿರುವಂಥದು. 2012ರ ಅಕ್ಟೋಬರ್‌ನಲ್ಲಿ ಬೆಳಗಾವಿ ಮೂಲದ ದಂತವೈದ್ಯೆಯೊಬ್ಬರು ಗಾಲ್ವೆಯಲ್ಲಿ ಹದಿನೇಳನೆಯ ವಾರದಲ್ಲಿ ಗರ್ಭ ಉಳಿಯುವುದಿಲ್ಲವೆಂದು ಗೊತ್ತಾದ ಮೇಲೂ, ಭ್ರೂಣದ ಎದೆಬಡಿತ ಇರುವವರೆಗೆ ಗರ್ಭ ತೆಗೆಯಲಾಗದೆಂಬ ಉತ್ತರ ಪಡೆದು ನಂಜೇರಿ ತೀರಿಕೊಂಡರು. 2013ರಲ್ಲಿ ಅಲ್ಲಿ ಸೀಮಿತ ಕಾಯಿದೆ ಬಂತು, 2018ರ ಮೇ 25ರ ಜನಮತದಲ್ಲಿ ಶೇಕಡಾ 66.4ರಷ್ಟು ಜನ ಆ ತಿದ್ದುಪಡಿಯನ್ನು ರದ್ದುಮಾಡಿದರು.

ಕೈರೋದ ಮಾರನೆಯ ವರ್ಷ ಬೀಜಿಂಗ್‌ನಲ್ಲಿ ನಡೆದ ಮಹಿಳಾ ಸಮ್ಮೇಳನದಲ್ಲಿ ವ್ಯಾಟಿಕನ್ ಮತ್ತು ಕೆಲವು ಮುಸ್ಲಿಂ ದೇಶಗಳು ಲೈಂಗಿಕ ಹಕ್ಕುಗಳ ವಿಷಯದಲ್ಲಿ ಮತ್ತೆ ಒಂದು ಕಡೆ ನಿಂತವು. ಗರ್ಭಪಾತದ ಬಗ್ಗೆ ಮಾತ್ರ ಹೊಸ ಯುದ್ಧಕ್ಕೆ ಯಾರೂ ಹೋಗದೆ 8.25ನೆಯ ಕಂಡಿಕೆಯನ್ನೇ ಪೂರ್ತಿಯಾಗಿ ಎತ್ತಿಕೊಂಡು, ಅಕ್ರಮ ಗರ್ಭಪಾತಕ್ಕೆ ಒಳಗಾದ ಮಹಿಳೆಯರನ್ನು ಶಿಕ್ಷಿಸುವ ಕಾನೂನುಗಳ ಮರುಪರಿಶೀಲನೆಯನ್ನು ಸರ್ಕಾರಗಳು ಪರಿಗಣಿಸಬೇಕೆಂಬ ಒಂದು ಸಾಲನ್ನು ಅದಕ್ಕೆ ಸೇರಿಸಿದರು.